ಜಿರಳೆಯ ಜಗಳಕ್ಕೆ ಯಾರು ಹೊಣೆ?

ಡೊಂಬಿವಲಿಯ ನಮ್ಮ ಮನೆಯಲ್ಲಿ ಮಾವ ಅರೋವಾನಾ ಮೀನು ಸಾಕಿದ್ದಾರೆ. ಅದರ ಆಹಾರಕ್ಕೆಂದು ನಾನು ಡಬ್ಬದಲ್ಲಿ ಜಿರಳೆ ಸಾಕುತ್ತೇನೆ. ನಗಬೇಡಿ ಮಿತ್ರರೇ! ಅಡುಗೆಮನೆಯ ಜಿರಳೆ ಹಿಡಿದು ಹಾಕುವಂತಿಲ್ಲ. ಔಷಧಿ ಹೊಡೆದದ್ದಾದರೆ ಮೀನಿಗೇ ಕುತ್ತು.

ಒಂದು ದಿನ ನೋಡ್ತೀನಿ, ಎಷ್ಟೋ ಜಿರಳೆಗಳ ರೆಕ್ಕೆ ಹರಿದಿದೆ, ಮೀಸೆ ತುಂಡಾಗಿದೆ. ಆಗತಾನೇ ಪೊರೆ ಬಿಟ್ಟ ಬಿಳಿ ಮರಿಯೊಂದನ್ನು ಉಳಿದವು ತಿನ್ನುತ್ತಿವೆ. "ಹೊಲಸು ಜಾತಿ ಕಣೋ, ಅದರ ಬುದ್ಧಿಯೇ ಅಷ್ಟು" ಅಂದರು ಅಮ್ಮ. ನಾನು ಒಪ್ಪಲಿಲ್ಲ.

ತಪ್ಪು ನನ್ನದು. ಪರೀಕ್ಷೆಯ ಗಡಿಬಿಡಿಯಲ್ಲಿ ವಾರವಿಡೀ ಬರೀ ಒಣ ಬ್ರೆಡ್ಡು ಹಾಕಿದ್ದೆ. ಅದರಲ್ಲಿ ಪ್ರೋಟೀನು ಸಾಲದು. ನೀರಿನ ಹತ್ತಿ ಒಣಗಿತ್ತು. ಅಡಗಲು ಇದ್ದದ್ದು ಮೊಟ್ಟೆಯ ಒಂದೇ ಟ್ರೇ. ಹುರಿಗಡಲೆ ಹಿಟ್ಟು, ಗಜ್ಜರಿ ಚೂರು ಕೊಟ್ಟೆ. ದಿನಾ ಹತ್ತಿ ನೆನೆಸಿದೆ. ನಾಲ್ಕು ಟ್ರೇ ನೆಟ್ಟಗೆ ನಿಲ್ಲಿಸಿದೆ. ಕಚ್ಚಾಟ ಬಹಳ ತಗ್ಗಿತು. ಹಾಗಂತ ಪ್ರೋಟೀನು ಸುರಿಯಲೂಬಾರದು. ಹೆಚ್ಚಾದದ್ದು ಅದರ ಮೈಯಲ್ಲಿ ಯೂರಿಕ್ ಆಮ್ಲವಾಗಿ ಕೂಡಿಕೊಳ್ಳುತ್ತದೆ.

ಹನ್ನೊಂದನೆಯ ತರಗತಿಯಲ್ಲಿ 'ಪೆರಿಪ್ಲಾನೆಟಾ ಅಮೆರಿಕಾನಾ' ಎಂದು ಹೆಸರು, ಅಂಗಾಂಗ ಎಲ್ಲ ಬಾಯಿಪಾಠ ಮಾಡಿದೆವು. ಅದರ ಹಸಿವನ್ನು ಮಾತ್ರ ಓದಲಿಲ್ಲ. ಬೆಳಗಿನ ಲೋಕಲ್‌ನಲ್ಲಿ ಒಬ್ಬರನ್ನೊಬ್ಬರು ತಿವಿಯುವ ನಾವೇನು ಹುಟ್ಟಾ ಜಗಳಗಂಟರೇ? ಜಾಗ ಸಾಲದು, ಅಷ್ಟೇ.

ನನ್ನ ವಾದ ಇಷ್ಟೇ: ಕೂಡಿಹಾಕಿದವನೇ ಅನ್ನ, ನೀರು, ಜಾಗಕ್ಕೆ ಹೊಣೆ. ಅದು ನಾಳೆ ಮೀನಿನ ಬಾಯಿಗೆ ಹೋಗುವ ಜೀವವಾದರೂ ಸರಿಯೇ.