ಫಾರ್ಮ್ಯಾಟ್ ಹೊಡೆಯೋ ಮೊದಲು ಪರದೆ ಓದ್ರಪ್ಪಾ!

ಮೊನ್ನೆ ರಾತ್ರಿ ಹುಮನಾಬಾದಿನಿಂದ ಅಕ್ಕನ ಮಗನ ಫೋನು. "ಮಾಮಾ, ಕರೆಂಟ್ ಹೋಗಿ ಬಂತು. ಈಗ ಕಂಪ್ಯೂಟರ್ ಚಾಲೂನೇ ಆಗವಲ್ದು. ಅಂಗಡ್ಯಾಗ ಕೇಳಿದ್ರ ಫಾರ್ಮ್ಯಾಟ್ ಹೊಡಿಬೇಕಂದ್ರು. ಹೊಡಿಸ್ಲೇನು?"

ಬೇಡ ಅಂದೆ, ಸ್ವಲ್ಪ ಜೋರಾಗೇ. ಆ ಡಿಸ್ಕಿನಲ್ಲಿ ನಮ್ಮವ್ವ ಹಾಡಿದ ಬೀಸುವ ಪದಗಳ ರೆಕಾರ್ಡಿಂಗ್ ಇದ್ದವು. ಬೇರೆ ಪ್ರತಿ ಇಲ್ಲ (ತಪ್ಪು ನಮ್ಮದೇ). ಅವ್ವ ಈಗಿಲ್ಲ.

"ಪರದೆ ಮ್ಯಾಲೆ ಏನದ?" "ಏನೋ ಇಂಗ್ಲಿಷ್ ಅದ ಮಾಮಾ." ಅಕ್ಷರ ಅಕ್ಷರ ಓದಿಸಿದೆ. ಅಲ್ಲಿದ್ದದ್ದು ಇಷ್ಟೇ: ಎಸ್‌ಡಿಎ2 ಭಾಗದ ಲೆಕ್ಕ ತಾಳೆ ಆಗ್ತಿಲ್ಲ, ಎಫ್‌ಎಸ್‌ಸಿಕೆ ಅನ್ನೋದನ್ನ ನೀನೇ ಓಡಿಸು. ರೋಗವನ್ನೂ ಮದ್ದನ್ನೂ ಯಂತ್ರವೇ ಹೇಳ್ಕೊಂಡು ಕೂತಿತ್ತು! ಯಾರೂ ಓದಿರಲಿಲ್ಲ, ಅಷ್ಟೇ.

ಫೋನಿನಲ್ಲೇ ಹೇಳಿದೆ: ಎಫ್ ಎಸ್ ಸಿ ಕೆ, ಜಾಗ ಬಿಡು, ಅಡ್ಡಗೆರೆ ವೈ, ಜಾಗ ಬಿಡು, ಓರೆಗೆರೆ ಡಿಇವಿ ಓರೆಗೆರೆ ಎಸ್‌ಡಿಎ2. ಎಲ್ಲ ಸಣ್ಣಕ್ಷರ. ಎಂಟರ್. ಮುಗಿದ ಮೇಲೆ ಎಕ್ಸಿಟ್. ಹತ್ತು ನಿಮಿಷಕ್ಕೆ ಲಾಗಿನ್ ಪರದೆ ಬಂತು. ಅವ್ವನ ಪದಗಳು ಇದ್ದಲ್ಲೇ ಇದ್ದವು.

ಅಂಗಡಿಯವರನ್ನ ಬೈಯೋಕೆ ಇದನ್ನ ಬರೀತಿಲ್ಲ. ಬೈತಾ ಇರೋದು ನಮ್ಮನ್ನೇ, ಅಂದ್ರೆ ಕನ್ನಡದಲ್ಲಿ ಲಿನಕ್ಸ್ ಬಗ್ಗೆ ಬರೆಯೋ ಬ್ಲಾಗಿಗರನ್ನ. ನಾವು ಬರೆದದ್ದು ಏನು ಹೇಳಿ? ಲಿನಕ್ಸ್ ಉಚಿತ, ಲಿನಕ್ಸ್ ಮುಕ್ತ, ವೈರಸ್ ಕಾಟ ಕಡಿಮೆ, ಅನುಸ್ಥಾಪನೆ ಮಾಡೋದು ಹೀಗೆ, ಇಗೋ ನನ್ನ ಡೆಸ್ಕ್‌ಟಾಪಿನ ಚಿತ್ರ! ಮದುವೆ ಮಾಡಿಸಿ ಕೈತೊಳೆದುಕೊಂಡ ದಲ್ಲಾಳಿಗಳ ಹಾಗೆ. ಸಂಸಾರ ಕೆಟ್ಟಾಗ ಏನು ಮಾಡಬೇಕು ಅಂತ ಎಷ್ಟು ಜನ ಬರೆದಿದ್ದೇವೆ?

ಇನ್ನೊಂದು ಉದಾಹರಣೆ ಪಕ್ಕದ ಬಸವಕಲ್ಯಾಣದ್ದು. ಪರಿಚಯದ ಮೇಷ್ಟ್ರೊಬ್ಬರು ಪಾಸ್‌ವರ್ಡ್ ಕೊಟ್ಟರೆ ಮತ್ತೆ ಅದೇ ಪಾಸ್‌ವರ್ಡ್ ಪರದೆ ಬರುತ್ತಿತ್ತು. ಅಲ್ಲೂ ಅದೇ ಸಲಹೆ, ಫಾರ್ಮ್ಯಾಟ್! ಕಂಟ್ರೋಲ್, ಆಲ್ಟ್, ಎಫ್3 ಒತ್ತಿಸಿ ಕಪ್ಪು ಪರದೆಯಲ್ಲಿ ಲಾಗಿನ್ ಮಾಡಿಸಿದೆ. "ಡಿಎಫ್ ಅಡ್ಡಗೆರೆ ಎಚ್" ಅಂದರೆ ಡಿಸ್ಕು ನೂರಕ್ಕೆ ನೂರು ತುಂಬಿದೆ. ಒಳಗೆ ಬರೆಯೋಕೆ ಜಾಗವೇ ಇಲ್ಲ, ಲಾಗಿನ್ ಹೇಗೆ ಮುಂದುವರಿಯಬೇಕು? "ಸುಡೊ ಎಪಿಟಿ ಕ್ಲೀನ್" ಕೊಟ್ಟು ಇಳಿಸಿಕೊಂಡಿದ್ದ ಹಳೇ ಪ್ಯಾಕೇಜು ತೆಗೆಸಿದೆ. ಜರ್ನಲ್‌ಸಿಟಿಎಲ್‌ಗೆ ವ್ಯಾಕ್ಯೂಮ್ ಸೈಜ್ 200ಎಂ ಅಂತ ಹೇಳಿ ಹಳೇ ದಾಖಲೆ ಕರಗಿಸಿದೆ. ಕೆಲಸ ಮುಗೀತು. (ಡಿಸ್ಕಲ್ಲಿ ಜಾಗ ಇದ್ದೂ "ಜಾಗ ಇಲ್ಲ" ಅಂದ್ರೆ "ಡಿಎಫ್ ಅಡ್ಡಗೆರೆ ಐ" ನೋಡಿ. ಸಣ್ಣಪುಟ್ಟ ಕಡತಗಳು ಲಕ್ಷಗಟ್ಟಲೆ ಸೇರಿ ಐನೋಡ್ ಮುಗಿದಿರುತ್ತೆ.)

"ಇಂಗ್ಲಿಷಿನಲ್ಲಿ ಎಲ್ಲಾ ಇದೆಯಲ್ಲ, ಈಗಂತೂ ಎಐ ಕೇಳಿದ್ರೆ ಹೇಳುತ್ತೆ" ಅಂತೀರಿ. ಹೇಳುತ್ತೆ. ಆದರೆ ಆ "ವೈ" ಅಂದ್ರೆ "ಕೇಳೋ ಎಲ್ಲಾ ಪ್ರಶ್ನೆಗೂ ಹೂಂ ಅನ್ನು" ಅಂತ ಅರ್ಥ. ಅದು ಗೊತ್ತಿಲ್ಲದವರು ಬಳಕೆಯಲ್ಲಿರೋ, ಅಂದರೆ ಮೌಂಟ್ ಆಗಿರೋ ಭಾಗದ ಮೇಲೇ ಅದನ್ನ ಓಡಿಸಿದರೆ ಇದ್ದದ್ದೂ ಹೋಗಬಹುದು. ಡಿಸ್ಕು ಟಿಕ್ ಟಿಕ್ ಅಂತಿದ್ದರೆ ರಿಪೇರಿ ಮುಟ್ಟಲೇಬಾರದು, ಮೊದಲು ಡಿಡಿರೆಸ್ಕ್ಯೂ ಥರದ್ದರಿಂದ ಪೂರ್ತಿ ನಕಲು ತೆಗೀಬೇಕು. ಆಜ್ಞೆ ಎಲ್ಲಿ ಬೇಕಾದರೂ ಸಿಗುತ್ತೆ ಸ್ವಾಮಿ, ಯಾಕೆ ಅನ್ನೋದು ಕನ್ನಡದಲ್ಲಿ ಸಿಗಬೇಕು.

ಈಗಲೇ ಯಾಕೆ ಈ ಕೂಗಾಟ? 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಬೆಂಬಲ ನಿಂತಿತು. ಟಿಪಿಎಂ 2.0 ಇಲ್ಲದ ಹಳೇ ಯಂತ್ರಗಳನ್ನ ವಿಂಡೋಸ್ 11 ಒಪ್ಪಲ್ಲ. ಅಂಥ ಕಂಪ್ಯೂಟರಿಗೆ ಲಿನಕ್ಸ್ ಹಾಕ್ಕೊಳ್ಳಿ ಅಂತ ನಾವೇ ಹೇಳ್ತಿದ್ದೀವಿ. ಹಾಕಿಕೊಂಡವರು ಮೊದಲ ಸಲ ಕರೆಂಟ್ ಹೋದಾಗ ಯಾರನ್ನ ಕೇಳಬೇಕು?

ಹನ್ನೆರಡನೇ ಶತಮಾನದಲ್ಲಿ ಇದೇ ಕಲ್ಯಾಣದಲ್ಲಿ ಶರಣರು ದೊಡ್ಡ ವಿಚಾರಗಳನ್ನ ಜನರ ಮಾತಿಗೆ ತಂದರು. ನಾನು ಕೇಳ್ತಿರೋದು ಅಷ್ಟು ದೊಡ್ಡದಲ್ಲ. ನಿಮ್ಮ ಯಂತ್ರ ಕೆಟ್ಟಾಗ ಪರದೆ ಏನಂತು, ನೀವೇನು ಮಾಡಿದಿರಿ, ಯಾಕೆ ಸರಿಹೋಯ್ತು, ಹತ್ತು ಸಾಲು ಬರೀರಿ. ಸರಿಹೋಗದಿದ್ದರೆ ಅದನ್ನೂ ಬರೀರಿ.

ನನ್ನ ಪಾಲಿನ ಎರಡು ಇಲ್ಲಿವೆ. ಮೂರನೇದು ಯಾರದ್ದು?

(ಅಂದ ಹಾಗೆ, ಅವ್ವನ ಪದಗಳ ಎರಡು ಪ್ರತಿ ಮಾಡಿಟ್ಟಾಯ್ತು. ನೀವೂ ಇವತ್ತೇ ಮಾಡ್ಕೊಳ್ಳಿ.)