ಉಜ್ಜಿದರೆ ಹೋಯಿತು!



ಧನತೇರಸ್ ದಿನ ಇಲ್ಲಿಯವರು ನಾಣ್ಯಗಳನ್ನು ಹಾಲಿನಲ್ಲಿ ತೊಳೆದು ಪೂಜಿಸುವುದನ್ನು ನೀವು ನೋಡಿದ್ದೀರಿ. ಅಡಾಜಣ್‌ಗೆ ಬಂದ ಹೊಸದರಲ್ಲಿ ನಾನೂ ಪೂಜೆಗೆಂದು, ನಮ್ಮ ತಂದೆ ಕೊಟ್ಟಿದ್ದ ಗಾಂಧಿ ಶತಮಾನೋತ್ಸವದ ಹತ್ತು ರೂಪಾಯಿ ಬೆಳ್ಳಿ ನಾಣ್ಯವನ್ನು ವಿಭೂತಿ ಹಾಕಿ ತಿಕ್ಕಿದೆ. ಕಪ್ಪು ಹೋಯಿತು, ಕನ್ನಡಿಯಂಥ ಹೊಳಪೂ ಹೋಯಿತು.

ಅದು 1969ರ ಪ್ರೂಫ್ ನಾಣ್ಯ. ತೂಕ 15 ಗ್ರಾಂ, ನೂರಕ್ಕೆ 80 ಭಾಗ ಬೆಳ್ಳಿ. ನಯಮಾಡಿದ ಬಿಲ್ಲೆಯನ್ನು ಹೊಳಪು ಕೊಟ್ಟ ಅಚ್ಚಿನಲ್ಲಿ ಒಂದಕ್ಕಿಂತ ಹೆಚ್ಚು ಸಲ ಒತ್ತಿ, ಸಂಗ್ರಾಹಕರಿಗೆಂದೇ ಮಾಡುವುದು ಪ್ರೂಫ್.

ಈಚೆಗೆ ನಾಣ್ಯ ಬಲ್ಲವರೊಬ್ಬರಿಗೆ ತೋರಿಸಿ, "ಇದಿನ್ನು ಪ್ರೂಫ್ ಅಲ್ಲ ತಾನೇ?" ಎಂದೆ. ಅವರು ಅಕ್ಷರಗಳ ಸಂದಿಯಲ್ಲಿ ಉಳಿದಿದ್ದ ಹೊಳಪನ್ನು ಭೂತಗನ್ನಡಿಯಲ್ಲಿ ತೋರಿಸಿದರು. ಪ್ರೂಫ್ ಎಂಬುದು ನಾಣ್ಯ ಹುಟ್ಟಿದ ರೀತಿ, ಈಗಿನ ಸ್ಥಿತಿಯಲ್ಲ. 70 ಅಂಕಗಳ ಶೆಲ್ಡನ್ ಅಳತೆಯಲ್ಲಿ ಸವೆಯದ ಪ್ರೂಫ್‌ಗೆ 60ರಿಂದ 70. ಜೇಬಿನಲ್ಲಿ ಓಡಾಡಿ ಸವೆದದ್ದಕ್ಕೆ 50, 45, ಇನ್ನೂ ಕೆಳಗೆ. ಹೆಸರು ಮಾತ್ರ ಪ್ರೂಫ್ ಎಂದೇ. ಆದರೆ ಒರಟಾಗಿ ಉಜ್ಜಿದ್ದಕ್ಕೆ ಸಾಮಾನ್ಯವಾಗಿ ಅಂಕವನ್ನೇ ಕೊಡದೆ, 'ಉಜ್ಜಿದೆ' ಎಂದು ಷರಾ ಬರೆಯುತ್ತಾರೆ. ಸವೆತಕ್ಕೆ ಅಂಕವುಂಟು, ನನ್ನ ವಿಭೂತಿಗಿಲ್ಲ!

ಊರಿಗೆ ಹೋದಾಗ ಅಜ್ಜನ ಪೆಟ್ಟಿಗೆಯಲ್ಲಿ ಇಂಥದ್ದು ಸಿಕ್ಕರೆ ಅಂಚು ಹಿಡಿದು ಎತ್ತಿ. ಕಪ್ಪಾಗಿದ್ದರೂ ಉಜ್ಜಬೇಡಿ. ಯಾರು ತಂದರು, ಏಕೆ ತಂದರು ಎಂದು ಅಜ್ಜನನ್ನೇ ಕೇಳಿ, ಚೀಟಿಯಲ್ಲಿ ಬರೆದು ಜೊತೆಗಿಡಿ. ನಾನು ನಮ್ಮ ತಂದೆಯನ್ನು ಕೇಳಲಿಲ್ಲ. ಈಗ ಕೇಳೋಣವೆಂದರೆ ಅವರಿಲ್ಲ.