ಲಕ್ಷ ತುಂಬದ ಊರಿನ ಸೂರಿಲ್ಲದವರು

ಲಕ್ಷ ಜನಕ್ಕೊಂದು ರಾತ್ರಿ ವಸತಿ ಬೇಕೆಂದು ಸುಪ್ರೀಂ ಕೋರ್ಟು 2010ರಲ್ಲಿ ಹೇಳಿತು. 2011ರ ಜನಗಣತಿಯಲ್ಲಿ ಯಾದಗಿರಿ ಪಟ್ಟಣದ ಜನ ಸುಮಾರು 74 ಸಾವಿರ. ಶಹಾಪುರ, ಸುರಪುರ ಅದಕ್ಕೂ ಕಡಿಮೆ. ಹಾಗಾದರೆ ಅಂಗಡಿ ಕಟ್ಟೆಯ ಮೇಲೆ ಮಲಗುವವನು ಊರು ಲಕ್ಷ ತುಂಬುವ ತನಕ ಕಾಯಬೇಕೇ?

ನಮ್ಮ ಜಿಲ್ಲೆಯ ಸೂರಿಲ್ಲದವರನ್ನು ಎಣಿಸುವುದೇ ಕಷ್ಟ. ಸುಗ್ಗಿ ಮುಗಿದೊಡನೆ ಮನೆಗೆ ಬೀಗ ಹಾಕಿ, ಮಕ್ಕಳುಮರಿ ಕಟ್ಟಿಕೊಂಡು ಬೆಂಗಳೂರು, ಮುಂಬಯಿ, ಪುಣೆಗೆ ದುಡಿಯಹೋಗುತ್ತಾರೆ. ಊರ ಪಟ್ಟಿಯಲ್ಲಿ ಅವರು ಮನೆಯುಳ್ಳವರು; ಅಲ್ಲಿ ಅವರದು ತಗಡಿನ ಶೆಡ್ಡು, ಅದೂ ಕಂಡವರ ಮಹಡಿ ಕಟ್ಟಿ ಮುಗಿಯುವವರೆಗೆ. 2005ರ ಉದ್ಯೋಗ ಖಾತರಿ ಕಾನೂನು 100 ದಿನದ ಕೆಲಸದ ಮಾತು ಕೊಟ್ಟ ಮೇಲೂ ಈ ಗುಳೆ ನಿಲ್ಲಲಿಲ್ಲ. ತಡವಾಗಿ ಬರುವ ಕೂಲಿಯನ್ನು ನಂಬಿ ಯಾರ ಒಲೆ ಉರಿದೀತು?

ಬೇಸಿಗೆಗೆ ಮುಂಚೆಯೇ ಹಳ್ಳಿಯಲ್ಲಿ ಕೆಲಸ ತೆಗೆಯಲಿ, ವಾರವಾರ ಕೂಲಿ ಕೊಡಲಿ. ಇತ್ತ ನಗರಸಭೆಯವರು ರಾತ್ರಿ ಹೊತ್ತು ಸ್ಟೇಷನ್ನು, ಬಸ್ ನಿಲ್ದಾಣ ಸುತ್ತಲಿ. ಮಲಗಿದವರನ್ನು ಲಾಠಿಯಿಂದ ಎಬ್ಬಿಸದೆ ಮಾತಾಡಿಸಲಿ, ರೇಷನ್ ಕಾರ್ಡು, ಪಿಂಚಣಿ ಮಾಡಿಸಿಕೊಡಲಿ. ರಾತ್ರಿ ಪಾಳಿ ಮುಗಿಸಿ ಬರುವ ಮಿಲ್ಲಿನ ಗೆಳೆಯರಿಗೂ, ಬೆಳಿಗ್ಗೆ ಬಾಗಿಲು ತೆಗೆಯುವ ಅಂಗಡಿಕಾರರಿಗೂ ಆ ಮುಖಗಳು ಪರಿಚಿತ. ಅವರ ಹೆಸರು, ಊರು ಕೇಳಿ ಬರೆದು ತನ್ನಿರಿ. ಪಟ್ಟಿ ಹಿಡಿದು ಮೂರೂ ನಗರಸಭೆಗಳ ಬಾಗಿಲಿಗೆ ನಾವೇ ಹೋಗುತ್ತೇವೆ.